ಎಳ್ಳಮಾಸಿಗೆ ಮೌಸಿಯ ಹಾಸ್ಟೆಲ್ಲಿಗೆ ನಡೆದದ್ದು

ಹಸಿ ತೊಗರಿಕಾಳು, ಹಸಿ ಕಡಲೆ, ಅವರೆ, ಬಟಾಣಿ, ಮೆಂತ್ಯ ಪಲ್ಯ, ಹುಣಸೆಹುಳಿ, ಕಡಲೆಹಿಟ್ಟು, ಇವೆಲ್ಲ ಒಂದೇ ಪಾತ್ರೆಯಲ್ಲಿ ಕುದಿಯುವಾಗ ಏಳುವ ವಾಸನೆ ಯಾವುದೆಂದು ಬೀದರ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೊನ್ನೆ ಸಂಜೆ ಚಿದ್ರಿಯ ನಮ್ಮ ಓಣಿಗೆ ಸ್ಕೂಟರ್ ತಿರುಗಿಸುವಾಗ ಯಾರದೋ ಮನೆಯ ಕಿಟಕಿಯಿಂದ ಆ ವಾಸನೆ ಬಂತು. ಎಳ್ಳಮಾಸಿಗೆ, ಅಂದರೆ ಎಳ್ಳ ಅಮಾವಾಸ್ಯೆಗೆ, ಇನ್ನೂ ಒಂದು ವಾರವಿತ್ತು. ಯಾರೋ ಆಸೆ ತಡೆಯಲಾರದೆ ಈಗಲೇ ಹಬ್ಬದ ಆ ಕಾಳುಪಲ್ಯಕ್ಕೆ, ನಮ್ಮ ಭಜ್ಜಿಗೆ, ಇಟ್ಟಿದ್ದರು. ಬೇರೆಯವರಿಗಾದರೆ ಆ ವಾಸನೆಗೆ ಬಾಯಲ್ಲಿ ನೀರೂರುತ್ತದೆ. ನನಗೆ ಮೊದಲು ಎರಡೂ ಹಿಮ್ಮಡಿ ಚುರುಗುಟ್ಟುತ್ತವೆ, ಆಮೇಲೆ ನೀರೂರುತ್ತದೆ. ಇದಕ್ಕೆ ಕಾರಣ ನನ್ನ ಮದುವೆಯಾದ ವರ್ಷದ ಚಳಿಗಾಲ, ಮತ್ತು ನಾನು ಹೇಳಿದ ಒಂದು ಸುಳ್ಳು.

ಆ ವರ್ಷ ದಸರೆಗೆ ಸ್ವಲ್ಪ ಮುಂಚೆ ಕನ್ಯೆ ನೋಡಲೆಂದು ನಾನು, ಅಪ್ಪ, ಅವ್ವ ಮೈಲೂರಿನ ಆಗಿನ ನಮ್ಮ ಮನೆಯಿಂದ ಭಾತಂಬ್ರಾಕ್ಕೆ ಹೋಗಿದ್ದೆವು. ಹುಡುಗಿಯ ಹೆಸರು ವಿಶಾಖಾ. ಭಾಲ್ಕಿ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಆರೋಗ್ಯ ಸಹಾಯಕಿ. ಬಾಣಂತಿಯರನ್ನು ನೋಡಲು, ಕೂಸುಗಳಿಗೆ ಲಸಿಕೆ ಹಾಕಲು ಹಳ್ಳಿ ಹಳ್ಳಿ, ತಾಂಡಾ ತಾಂಡಾ ಓಡಾಡುವ ಕೆಲಸ. ಚಹಾ ಕುಡಿದಾದ ಮೇಲೆ ಹಿರಿಯರು ನಮ್ಮಿಬ್ಬರನ್ನು ಹಿತ್ತಲ ಬಾಗಿಲ ಹತ್ತಿರ ಮಾತಾಡಲು ಬಿಟ್ಟರು. ನಾನು ಅವಳ ಓದು, ಊಟ, ಬಣ್ಣ ಎಂದು ಏನೇನೋ ಕೇಳಿದೆ. ಅವಳು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

“ನಿಮಗ ನಡಿಯೂದು ಸೇರ್ತದೇನ್ರಿ?”

ಅವಳ ಮುಖ ನೋಡಿದ ಮೇಲೆ ಇಲ್ಲ ಎನ್ನುವ ಧೈರ್ಯ ಯಾರಿಗಿತ್ತು? “ದಿನಾ ಮುಂಜಾನಿ ಕಿಲ್ಲಾದ ಸುತ್ತ ಐದ್ ಕಿಲೋಮೀಟರ್ ನಡೀತೇನಿ” ಎಂದುಬಿಟ್ಟೆ. ಒಳಗಿದ್ದ ಅವ್ವನಿಗೆ ಅದು ಕೇಳಿಸಿತೆಂದು ಕಾಣುತ್ತದೆ, ಎರಡನೇ ಕಪ್ಪಿನ ಚಹಾ ನೆತ್ತಿಗೇರಿ ಕೆಮ್ಮತೊಡಗಿದಳು. ನಾನು ಬೀದರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಕೊತ್ತಂಬರಿ ತರಲು ಓಣಿಯ ಕೊನೆಗೆ ಹೋಗುವುದಿದ್ದರೂ ಸ್ಕೂಟರ್ ತೆಗೆಯುವವನು. ಆ ಕೋಟೆಗೆ ಹೋದದ್ದು ಊರಿಗೆ ಬಂದ ನೆಂಟರನ್ನು ಕರೆದುಕೊಂಡು ಮಾತ್ರ; ಅವರೆಲ್ಲ ಬುರುಜು ಹತ್ತಿ ಇಳಿಯುವ ತನಕ ನಾನು ಬಾಗಿಲ ಬಳಿಯ ನೆರಳಲ್ಲಿ ಶೇಂಗಾ ತಿನ್ನುತ್ತ ಕೂತಿರುತ್ತಿದ್ದೆ.

ನವೆಂಬರಿನಲ್ಲಿ ಮದುವೆಯಾಯಿತು. “ಆಕಿಗಿ ಖರೇ ಹೇಳಿಬಿಡೋ ಸಂಜೀವಾ” ಎಂದು ಅವ್ವ ಎರಡು ಮೂರು ಸಲ ಹೇಳಿದಳು. ಹೊಸ ಮದುವೆಯ ಸಡಗರದಲ್ಲಿ ನಡಿಗೆಯ ಮಾತು ಎಲ್ಲಿ ಬರುತ್ತದೆ ಎಂದು ನಾನು ಸುಮ್ಮನಿದ್ದೆ. ಡಿಸೆಂಬರಿನಲ್ಲಿ ಬಂತು.

ವಿಶಾಖಾ ಐದರಿಂದ ಹತ್ತನೇ ತರಗತಿಯವರೆಗೆ ಔರಾದ ತಾಲ್ಲೂಕಿನ ಒಂದು ಹಳ್ಳಿಯ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಬೆಳೆದವಳು. ಅವಳ ಅಪ್ಪ ಆಗ ರಸ್ತೆ ಕೆಲಸದ ಮೇಸ್ತ್ರಿ, ಬಿಡಾರ ಇಂದು ಇಲ್ಲಿ ನಾಳೆ ಅಲ್ಲಿ. ಆ ಹಾಸ್ಟೆಲ್ಲಿನ ಅಡುಗೆಯವಳು ಶೇವಂತಾಬಾಯಿ. ಮಕ್ಕಳೆಲ್ಲ ಆಕೆಯನ್ನು ಮೌಸಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ನಮ್ಮ ಕಡೆ ಎಳ್ಳಮಾಸಿ ಎಂದರೆ ಊರಿಗೆ ಊರೇ ಬುತ್ತಿ ಹೊತ್ತುಕೊಂಡು ಹೊಲಕ್ಕೆ ಹೋಗುವ ಹಬ್ಬ. ಹೊಲವಿದ್ದವರ ಮಕ್ಕಳನ್ನು ಹಿಂದಿನ ದಿನವೇ ಮನೆಯವರು ಬಂದು ಕರೆದೊಯ್ಯುತ್ತಿದ್ದರು. ಹೊಲವಿಲ್ಲದವರ ಮಕ್ಕಳು, ಕಬ್ಬು ಕಡಿಯಲು ಹೋದವರ ಮಕ್ಕಳು ಎಂಟೊಂಬತ್ತು ಮಂದಿ ಹಾಸ್ಟೆಲ್ಲಿನಲ್ಲೇ ಉಳಿಯುತ್ತಿದ್ದರು. ಮೌಸಿ ಆ ದಿನ ಒಲೆ ಹಚ್ಚುತ್ತಿರಲಿಲ್ಲ. ಒಂದು ಹಾಲಿನ ಕ್ಯಾನು ಹಿಡಿದು ಮಕ್ಕಳನ್ನೆಲ್ಲ ಹೊರಡಿಸಿಕೊಂಡು ಹೊಲದಿಂದ ಹೊಲಕ್ಕೆ ನಡೆಯುತ್ತಿದ್ದಳು. ಆ ದಿನ ದಾರಿಯಲ್ಲಿ ಹೋಗುವವರನ್ನು ಕರೆದು ಉಣಿಸದೆ ಕಳಿಸುವ ಒಕ್ಕಲು ನಮ್ಮಲ್ಲಿಲ್ಲ. ಮಕ್ಕಳು ಹೊಟ್ಟೆ ತುಂಬ ಉಂಡು, ಕ್ಯಾನು ತುಂಬ ಭಜ್ಜಿ ತುಂಬಿಸಿಕೊಂಡು, ಸಂಜೆಗೆ ವಾಪಸು ಬಂದು ಮತ್ತೊಮ್ಮೆ ಉಣ್ಣುತ್ತಿದ್ದರು.

“ಈ ವರ್ಷ ಮೌಸಿ ಮೊಣಕಾಲು ಹಿಡಕೊಂಡಾವಂತ್ರಿ” ಎಂದಳು ವಿಶಾಖಾ ಒಂದು ರಾತ್ರಿ ಊಟದ ಹೊತ್ತಿಗೆ. “ಫೋನ್ ಮಾಡಿದ್ದೆ. ಒಂಬತ್ತು ಪೋರಿಗೋಳು ಉಳದಾವಂತ. ಅಕ್ಕಿ ಬ್ಯಾಳಿ ಕುದಿಸಿ ಹಾಕ್ತೇನಿ ಅಂದ್ಲು. ನಾ ಅಂದೆ, ಸಂಜಿ ಅಡಗಿಗಿ ಒಲಿ ಹಚ್ಚಬ್ಯಾಡ ಮೌಸಿ, ಭಾತಂಬ್ರಾದಿಂದ ನಾವಿಬ್ರೂ ನಡ್ಕೋತ ಬರ್ತೇವಿ, ದಾರಿಯಾಗ ಕ್ಯಾನ್ ತುಂಬಿಸ್ಕೊಂಡು ಹೊತ್ತು ಮುಳಗೂದ್ರಾಗ ಮುಟ್ತೇವಿ.”

“ನಾವಿಬ್ರೂ?” ಎಂದೆ.

“ಮೂವತ್ತು ಕಿಲೋಮೀಟರಿಗಿಂತ ಜರಾ ಹೆಚ್ಚಾಗ್ತದ್ರಿ. ನಿಮಗೇನು, ದಿನಾ ರೂಢಿ ಅದ.”

ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಮರುದಿನ ಹೋಗಿ ಹೊಸ ಬೂಟು ಕೊಂಡು ತಂದೆ. ಮಾಡಿದ ತಪ್ಪುಗಳಲ್ಲಿ ಅದು ಎರಡನೆಯದು.

ಹಬ್ಬದ ಹಿಂದಿನ ದಿನ ಭಾತಂಬ್ರಾಕ್ಕೆ ಹೋಗಿ ಮಲಗಿ, ಬೆಳಿಗ್ಗೆ ಐದೂವರೆಗೆ ಹೊರಟೆವು. ಬೀದರ ಸೀಮೆಯ ಡಿಸೆಂಬರಿನ ಚಳಿ; ಮಾತಾಡಿದರೆ ಬಾಯಿಂದ ಹೊಗೆ ಬರುತ್ತಿತ್ತು. ಅತ್ತೆ ನನ್ನ ತಲೆಗೆ ಒಂದು ಮಫ್ಲರ್ ಸುತ್ತಿ, “ಅಳ್ಯಾಂದ್ರ, ಆಕಿ ಜೋರ ನಡೀತಾಳ್ರಿ, ಕೈ ಹಿಡದ ನಿಂದರಸ್ರಿ” ಎಂದರು. ವಿಶಾಖಾಳ ಬೆನ್ನಿಗೊಂದು ಚೀಲ, ಅದರಲ್ಲಿ ನೀರು, ಟಾರ್ಚು, ಹತ್ತಿ, ಪಟ್ಟಿ. ನನ್ನ ಕೈಯಲ್ಲಿ ಖಾಲಿ ಸ್ಟೀಲ್ ಕ್ಯಾನು. ಗಂಡಸಾದವನು ಕ್ಯಾನು ಹಿಡಿಯದಿದ್ದರೆ ಹೇಗೆಂದು ನಾನೇ ಕೇಳಿ ಇಸಿದುಕೊಂಡಿದ್ದೆ.

ಮೊದಲ ಎರಡು ತಾಸು ನಿಜಕ್ಕೂ ಚೆನ್ನಾಗಿತ್ತು. ತೊಗರಿ ಕೊಯ್ಲಿಗೆ ಬಂದಿತ್ತು. ಜೋಳ ತೆನೆಗಟ್ಟಿ ಮಂಜಿನಲ್ಲಿ ತಲೆ ಬಾಗಿಸಿತ್ತು. ಕಡಲೆಯ ಹೊಲದ ಅಂಚಿನಲ್ಲಿ ಹೋಗುವಾಗ ಹುಳಿಮಂಜು ಪ್ಯಾಂಟಿನ ಕಾಲನ್ನೆಲ್ಲ ಒದ್ದೆ ಮಾಡಿತು. ವಿಶಾಖಾ ಬಗ್ಗಿ ಒಂದು ಎಲೆ ಕಿತ್ತು ನನ್ನ ಬಾಯಿಗಿಟ್ಟಳು, ಹುಳಿಗೆ ಒಂದು ಕಣ್ಣು ಮುಚ್ಚಿಹೋಯಿತು. ನಡೆಯುತ್ತ ಅವಳು ಹಾಡಿಕೊಳ್ಳುತ್ತಿದ್ದಳು, ಯಾವ ಹಾಡೆಂದು ತಿಳಿಯದಷ್ಟು ಮೆಲ್ಲಗೆ. ಮದುವೆಯಾಗಿ ಒಂದೂವರೆ ತಿಂಗಳಾದರೂ ಅವಳು ಹಾಡುವವಳೆಂದು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಬಾಗಿಲಿನಿಂದ ಬಾಗಿಲಿಗೆ ತಲೆ ತಗ್ಗಿಸಿ ಓಡಾಡುತ್ತಿದ್ದವಳು ಇಲ್ಲಿ ಕೈ ಬೀಸಿ, ದಾರಿ ತನ್ನದೇ ಎಂಬಂತೆ ನಡೆಯುತ್ತಿದ್ದಳು. ನಾನು ಹಿಂದಿನಿಂದ ನೋಡುತ್ತ ಹೋದೆ.

ಭಾಲ್ಕಿ ಹತ್ತಿರ ಬಂದಾಗ ಬಿಸಿಲು ಬಿದ್ದಿತ್ತು. ಊರಿನ ಅಂಚಿನ ಹೋಟೆಲಿನಲ್ಲಿ ಚಹಾ ಕುಡಿದೆವು. ನಾನು ಬೆಂಚಿನಿಂದ ಏಳುವಾಗ ಎಡಗಾಲಿನ ಹಿಮ್ಮಡಿ ಮೊದಲ ಸಲ ತಾನಿರುವುದನ್ನು ತಿಳಿಸಿತು. ಏನೋ ಹರಳು ಹೊಕ್ಕಿರಬೇಕೆಂದು ಬೂಟು ಕೊಡವಿದೆ. ಹರಳಿರಲಿಲ್ಲ.

ಊರು ದಾಟಿದರೆ ದಾರಿಯ ತುಂಬ ಹಬ್ಬ. ಎತ್ತಿನ ಬಂಡಿ, ಟ್ರ್ಯಾಕ್ಟರು, ಮೋಟರ್ ಸೈಕಲ್ಲು, ಒಂದರ ಹಿಂದೊಂದು ಹೊಲದ ಕಡೆಗೆ. ಹೊಸ ಸೀರೆಯ ಹೆಂಗಸರ ತಲೆಯ ಮೇಲೆ ಬಿಳಿ ಬಟ್ಟೆ ಮುಚ್ಚಿದ ಬುಟ್ಟಿ. ಹೊಲಗಳಲ್ಲಿ ಜೋಳದ ದಂಟಿನ ಸಣ್ಣ ಗುಡಿಸಲು ಕಟ್ಟಿ, ಒಳಗೆ ಐದು ಕಲ್ಲಿಟ್ಟು ಪೂಜೆ ಮಾಡುತ್ತಿದ್ದರು. ಪೂಜೆಯಾದವರು ಹೊಲದ ನಾಲ್ಕೂ ಕಡೆ ಭೂಮಿಗೆ ನೈವೇದ್ಯವೆಂದು ಅನ್ನದ ಚರಗ ಚೆಲ್ಲುತ್ತ ಕೂಗುತ್ತಿದ್ದರು. ಒಂದು ಹೊಲದ ಕೂಗಿಗೆ ಮತ್ತೊಂದು ಹೊಲದವರು ಓಗೊಡುತ್ತಿದ್ದರು.

ಹನ್ನೊಂದರ ಸುಮಾರಿಗೆ ಮೊದಲ ಕರೆ ಬಂತು. ಬೇವಿನ ಮರದ ಕೆಳಗೆ ನಿಂತಿದ್ದ ಒಬ್ಬ ಮುದುಕಿ ಸೆರಗು ಬೀಸಿ ಕೂಗಿದಳು.

“ಯಾರ ಮಂದ್ಯಪ್ಪಾ ನೀವು? ಹಾಂಗೇ ಹೊಂಟ್ರ ಹ್ಯಾಂಗ? ಬರ್ರಿ ಉಣ್ಣಾಕ!”

“ಜಲ್ದಿ ಹೋಗಬೇಕ್ರಿ ಆಯಿ, ಔರಾದ ಕಡಿಗಿ” ಎಂದಳು ವಿಶಾಖಾ.

“ಔರಾದೇನು ಓಡಿ ಹೋಗ್ತದೇನವ್ವಾ? ಕೂಡ್ರಿ!”

ಕೂತೆವು. ನನ್ನ ಕಾಲು ಆ ಮುದುಕಿಗೆ ಮನಸ್ಸಿನಲ್ಲೇ ಕೈ ಮುಗಿಯಿತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಅದರ ಮೇಲೆ ಭಜ್ಜಿ, ಅದರ ಮೇಲೆ ಬೆಣ್ಣೆ, ಬದಿಗೆ ಬೆಳ್ಳುಳ್ಳಿ ಹಾಕಿದ ಮಜ್ಜಿಗೆ ಅಂಬಲಿ. ನಾನು ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಕೈ ಅಡ್ಡ ಹಿಡಿದೆ. “ಗಂಡ ಮನಶ್ಯಾ ಇದ್ದು ಎರಡಕ್ಕ ಬ್ಯಾಡ ಅಂತಾನ, ನೋಡ್ರೇ” ಎಂದು ಮುದುಕಿ ಸೊಸೆಯಂದಿರನ್ನು ಕರೆದು ತೋರಿಸಿದಳು. ಮೂರನೆಯದನ್ನೂ ತಿಂದೆ. ವಿಶಾಖಾ ಹಾಸ್ಟೆಲ್ಲಿನ ಮಕ್ಕಳ ಸಂಗತಿ ಹೇಳಿ ಕ್ಯಾನು ಮುಂದಿಟ್ಟಾಗ ಮುದುಕಿ ಪಾತ್ರೆಯನ್ನೇ ಎತ್ತಿ ಸುರಿಯಲು ಹೋದಳು. “ಆಯೀ, ಇನ್ನಾ ಹೊಲ ಬರ್ತಾವ್ರಿ, ಅವರಿಗೂ ಜಾಗಾ ಬೇಕು” ಎಂದು ವಿಶಾಖಾ ತಡೆದಳು. ಕ್ಯಾನಿನಲ್ಲಿ ನಾಲ್ಕು ಬೆರಳಷ್ಟು ತುಂಬಿತು. ಮೇಲೆ ಹತ್ತು ರೊಟ್ಟಿ ಬಟ್ಟೆಯಲ್ಲಿ ಕಟ್ಟಿ ಕೊಟ್ಟಳು.

ಆಮೇಲೆ ಹೊಲದ ಮೇಲೆ ಹೊಲ. ಒಂದು ಕಡೆ ಭಜ್ಜಿಗೆ ಬದನೆಕಾಯಿ ಹೆಚ್ಚು, ಇನ್ನೊಂದು ಕಡೆ ಶೇಂಗಾ ಹೆಚ್ಚು, ಮತ್ತೊಂದು ಕಡೆ ಖಾರ ಎಷ್ಟೆಂದರೆ ನನ್ನ ಕಿವಿಯಿಂದ ನೀರು ಬಂತೋ ಎನಿಸಿತು. ಎಲ್ಲವೂ ಒಂದೇ ಕ್ಯಾನಿಗೆ. ಕ್ಯಾನು ಭಾರವಾಗುತ್ತ ಹೋಯಿತು, ಹೊಟ್ಟೆಯೂ ಭಾರವಾಯಿತು. ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದದ್ದು ನನಗೆ ಗೊತ್ತಾಗುತ್ತಿತ್ತು. ಬೂಟಿನ ದಾರ ಬಿಗಿಯುವ ನೆಪದಲ್ಲಿ ಅಲ್ಲಲ್ಲಿ ಕೂತೆ. ಹೊಸ ಬೂಟಿನ ದಾರ ಅಷ್ಟು ಸಲ ಯಾಕೆ ಸಡಿಲಾಗುತ್ತದೆಂದು ಅವಳು ಕೇಳಲಿಲ್ಲ.

ಮಾಂಜ್ರಾ ಹೊಳೆಗೆ ಇನ್ನೂ ಒಂದು ತಾಸಿನ ದಾರಿ ಇರುವಾಗ ಬಾವಿಕಟ್ಟೆಯ ಮೇಲಿಂದ ಯಾರೋ ನನ್ನ ಹೆಸರು ಹಿಡಿದು ಕೂಗಿದರು. ನೋಡಿದರೆ ಮಾಣಿಕಪ್ಪ. ನಮ್ಮ ಕಚೇರಿಯಲ್ಲಿ ಜವಾನರಾಗಿದ್ದು ಎರಡು ವರ್ಷದ ಹಿಂದೆ ನಿವೃತ್ತರಾದವರು. ಬಿಳಿ ಧೋತರ, ಹಣೆ ತುಂಬ ವಿಭೂತಿ, ಕೈಯಲ್ಲಿ ಕಬ್ಬಿನ ಜಲ್ಲೆ. ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

“ಸಂಜೀವ ಸಾಹೇಬ್ರು! ಎಲ್ಲಿಂದ ಬಂದ್ರಿ? ಗಾಡಿ ಎಲ್ಲಿ ನಿಂದರ್ಸೀರಿ?”

“ಗಾಡಿ ಇಲ್ಲ. ನಡ್ಕೋತ ಬಂದೇವಿ, ಭಾತಂಬ್ರಾದಿಂದ” ಎಂದೆ, ಮೆಲ್ಲಗೆ.

ಮಾಣಿಕಪ್ಪ ಕೈ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಆಮೇಲೆ ಹೆಂಡತಿಯನ್ನು, ಮಕ್ಕಳನ್ನು, ಮೊಮ್ಮಕ್ಕಳನ್ನು ಕೂಗಿ ಕರೆದರು.

“ಬರ್ರಿ ಇಲ್ಲಿ, ನೋಡ್ರಿ! ಇವರೇ ನಮ್ಮ ಸಂಜೀವ ಸಾಹೇಬ್ರು. ಮ್ಯಾಲಿನ ಮಾಳಿಗಿಂದ ಕೆಳಗಿನ ಮಾಳಿಗಿಗೆ ಒಂದ್ ಕಾಗದ ಒಯ್ಯಬೇಕಂದ್ರ ‘ಮಾಣಿಕಪ್ಪಾ ಜರಾ ಬಾರೋ’ ಅಂತಿದ್ರು. ಆಫೀಸಿನ ಎದರಿನ ಹೋಟೆಲಿಗಿ ಸ್ಕೂಟರ್ ಮ್ಯಾಲೆ ಹೋಗೋ ಮನಶ್ಯಾರು! ಅಂಥವ್ರು ನಡ್ಕೋತ ನಮ್ಮ ಹೊಲಕ್ಕ ಬಂದಾರ. ಬಾಯಾರ, ಏನ್ ಜಾದೂ ಮಾಡೀರಿ?”

ಕೊನೆಯ ಮಾತು ವಿಶಾಖಾಳಿಗೆ. ಮಾಣಿಕಪ್ಪ ಹೇಳಿದ್ದರಲ್ಲಿ ಒಂದು ಗುಲಗಂಜಿಯಷ್ಟೂ ಕುಹಕವಿರಲಿಲ್ಲ, ನನ್ನನ್ನು ಹೊಗಳಿ ಹೊಗಳಿ ಹೇಳಿದ್ದರು. ವಿಶಾಖಾ ನಕ್ಕಳು, ಅವರ ಹೆಂಡತಿಯ ಕಾಲಿಗೆ ನಮಸ್ಕಾರ ಮಾಡಿದಳು, ಎಲೆಯ ಮುಂದೆ ಕೂತು ಉಂಡಳು, ಕ್ಯಾನು ತುಂಬಿಸಿಕೊಂಡಳು. ಆದರೆ ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಎಲೆಯಲ್ಲಿದ್ದ ಶೇಂಗಾ ಹೋಳಿಗೆಯನ್ನು ನಾನು ಮುರಿದು ಮುರಿದು ಪುಡಿ ಮಾಡಿಟ್ಟೆ.

ಹೊಲ ದಾಟಿ ದಾರಿಗೆ ಬಂದ ಮೇಲೆ ಅವಳು ಕ್ಯಾನಿಗೆ ಕೈ ಚಾಚಿದಳು.

“ಕೊಡ್ರಿ ಇಲ್ಲಿ.”

“ಇರ್ಲಿ, ನಾ ಹಿಡೀತೇನಿ.”

“ಕೊಡ್ರಿ ಅಂದೆ.”

ಕೊಟ್ಟೆ. ಅವಳು ಮುಂದೆ ನಡೆದಳು. ನಾನು ಕುಂಟುತ್ತ ಹಿಂದೆ. ಸ್ವಲ್ಪ ದೂರ ಹೋದ ಮೇಲೆ ತಿರುಗದೆಯೇ ಮಾತಾಡಿದಳು.

“ನಿಮಗಿಂತ ಮೊದಲ ಮೂರು ಮಂದಿ ಬಂದಿದ್ರು ನನ್ನ ನೋಡ್ಲಿಕ್ಕ. ಒಬ್ರು ನೌಕರಿ ಬಿಡು ಅಂದ್ರು. ಒಬ್ರು ಸಂಜಿ ಆರಕ್ಕ ಮನಿಯಾಗ ಇರಬೇಕು ಅಂದ್ರು. ತಾಂಡಾದಾಗ ಬಾಣಂತಿ ನೋಡಿ, ನಡದು ಬಂದು ಬಸ್ಸು ಹಿಡದು ಮನಿ ಮುಟ್ಲಿಕ್ಕ ನಂಗ ಎಂಟಾಗ್ತದ. ಒಮ್ಮೊಮ್ಮಿ ಒಂಬತ್ತು. ನಡಿಯೋ ಮನಶ್ಯಾ ಇದ್ರ ಅವನಿಗೆ ದಾರಿ ಅಂದ್ರ ಎಷ್ಟ ಹೊತ್ತು ಹಿಡೀತದ ಗೊತ್ತಿರ್ತದ, ಯಾಕ ತಡ ಆಯ್ತು ಅಂತ ಕೇಳೂದಿಲ್ಲ ಅಂತ ತಿಳದು ನಾ ಆ ಪ್ರಶ್ನಿ ಕೇಳ್ತಿದ್ದೆ. ಕೇಳಿದ್ದು ಒಂದೇ ಪ್ರಶ್ನಿ. ಅದಕ್ಕೂ ಸುಳ್ಳ ಹೇಳಿದ್ರಿ.”

ನಾನು ತಮಾಷೆಯೆಂದುಕೊಂಡಿದ್ದ ಸುಳ್ಳು ಅವಳಿಗೆ ಏನಾಗಿತ್ತೆಂದು ಆಗ ಗೊತ್ತಾಯಿತು. ಹಿಮ್ಮಡಿಯ ಉರಿ ಅದರ ಮುಂದೆ ಏನೂ ಇರಲಿಲ್ಲ.

ಡಾಂಬರು ರಸ್ತೆ ಕೂಡುವಲ್ಲಿ ಅವಳು ನಿಂತಳು. “ಇಲ್ಲಿಂದ ಔರಾದಕ್ಕ ಜೀಪ್ ಸಿಗ್ತಾವ. ನೀವು ಕೂತು ಮುಂದ ಹೋಗ್ರಿ. ಮೌಸಿಗಿ ಹೇಳ್ರಿ, ನಾ ಕತ್ತಲಾಗೂದ್ರಾಗ ಬರ್ತೇನಿ ಅಂತ. ನಿಮ್ಮ ಕಾಲು ನಂಗ ಕಾಣಸ್ತದ.”

ಸಿಟ್ಟಿನಲ್ಲಿ ಹೇಳಿದ ಮಾತಲ್ಲ ಅದು. ರೋಗಿಗೆ ಹೇಳುವ ಹಾಗೆ ಹೇಳಿದಳು. ಅದೇ ಹೆಚ್ಚು ಚುಚ್ಚಿತು. ಅಷ್ಟರಲ್ಲಿ ಜೀಪೂ ಬಂತು. ಅರ್ಧ ಖಾಲಿ ಇತ್ತು. ಡ್ರೈವರ್ ನಿಧಾನ ಮಾಡಿ ನಮ್ಮನ್ನು ನೋಡಿದ. ಸತ್ಯ ಹೇಳುತ್ತೇನೆ, ಒಂದು ಕಾಲು ತಾನಾಗಿಯೇ ಆ ಕಡೆ ಎದ್ದಿತು. ಆದರೆ ನಾನು ಕೈ ಆಡಿಸಿ ಜೀಪನ್ನು ಕಳಿಸಿಬಿಟ್ಟೆ.

“ನಡೀತೇನಿ” ಎಂದೆ. “ಸಾವಕಾಶ ನಡೀತೇನಿ. ನೀ ಮುಂದ ಹೋಗು, ಪೋರಿಗೋಳು ಹಸಿದಿರ್ತಾವ. ನಾ ಹಿಂದಿಂದ ಬರ್ತೇನಿ.”

ಅವಳು ಮುಂದೆ ನಡೆದಳು. ಆದರೆ ಮೊದಲಿನ ವೇಗದಲ್ಲಿ ಅಲ್ಲ.

ಹೊಳೆಯ ಸೇತುವೆಯನ್ನು ದಾಟಿದಾಗ ಮೂರೂವರೆ. ಆ ವರ್ಷ ಮಳೆ ಚೆನ್ನಾಗಿತ್ತು, ಮಾಂಜ್ರಾದಲ್ಲಿ ದಡದಿಂದ ದಡಕ್ಕೆ ನೀರು. ಮೇಲೆ ಬೆಳ್ಳಕ್ಕಿಗಳ ಒಂದು ಸಾಲು. ನನಗೆ ಅದನ್ನೆಲ್ಲ ನೋಡುವ ಮನಸ್ಸಿರಲಿಲ್ಲ, ಅವಳ ಕೈಯ ಕ್ಯಾನನ್ನೇ ನೋಡುತ್ತಿದ್ದೆ. ಅದನ್ನು ಅವಳು ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ ಬದಲಾಯಿಸುತ್ತಿದ್ದಳು. ಸೇತುವೆ ಇಳಿದ ಮೇಲೆ ಹತ್ತಿರದ ದಾರಿ ಎಂದು ಅವಳು ಕಬ್ಬಿನ ಹೊಲದ ಬದುವಿಗೆ ಇಳಿದಳು. ನಾನು ಬೇಗ ಬೇಗ ಹೆಜ್ಜೆ ಹಾಕಿ ಅವಳನ್ನು ಮುಟ್ಟಿದೆ.

“ವಿಶಾಖಾ, ಕ್ಯಾನ್ ಕೊಡು. ಅದಕ್ಕೂ ನಾ ಲಾಯಕ್ ಇಲ್ಲಂದ್ರ ಬ್ಯಾಡ. ಆದ್ರ ನಿನ್ನ ಕೈ ಕೆಂಪಾಗ್ಯಾವ.”

ಅವಳು ಒಂದು ಗಳಿಗೆ ಯೋಚಿಸಿ ಕೊಟ್ಟಳು. ಕೊಟ್ಟು ಹತ್ತು ಹೆಜ್ಜೆಯೂ ಆಗಿರಲಿಕ್ಕಿಲ್ಲ. ಹೊಲಕ್ಕೆ ನೀರು ಬಿಟ್ಟಿದ್ದರು, ಬದುವಿನ ಮಣ್ಣು ಮೇಲೆ ಗಟ್ಟಿ ಕೆಳಗೆ ಕೆಸರು. ನನ್ನ ಹೊಸ ಬೂಟು ಜಾರಿತು. ಬದುವಿನ ಪಕ್ಕದ ಕಾಲುವೆಯ ನೀರಿಗೆ ಮೊಣಕಾಲೂರಿ ಬಿದ್ದೆ, ಆಮೇಲೆ ಸೊಂಟದವರೆಗೆ ಕೂತೇಬಿಟ್ಟೆ. ಬೀಳುವಾಗ ಮನುಷ್ಯ ಕೈ ಊರುತ್ತಾನೆ. ನಾನು ಊರಲಿಲ್ಲ. ಎರಡೂ ಕೈಯಲ್ಲಿ ಕ್ಯಾನನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದೆ. ಮಫ್ಲರ್ ಕಣ್ಣಿನ ಮೇಲೆ ಇಳಿದು ಏನೂ ಕಾಣದಂತಾಗಿತ್ತು.

“ಚೆಲ್ಲಿತೇನು?” ಎಂದು ಕೂಗಿದೆ. “ವಿಶಾಖಾ, ಭಜ್ಜಿ ಚೆಲ್ಲಿತೇನು ನೋಡು!”

ಉತ್ತರವಿಲ್ಲ. ಅಳುತ್ತಿದ್ದಾಳೋ ಎಂದು ಹೆದರಿ ಮಫ್ಲರನ್ನು ಭುಜದಿಂದ ಸರಿಸಿ ನೋಡಿದೆ. ಅವಳು ಬದುವಿನ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಉಸಿರು ತೆಗೆದುಕೊಳ್ಳಲಾರದಷ್ಟು ನಗುತ್ತಿದ್ದಳು. ಏನೋ ಹೇಳಲು ಬಾಯಿ ತೆರೆಯುವುದು, ನನ್ನನ್ನು ನೋಡುವುದು, ಮತ್ತೆ ನಗುವುದು. ಕೊನೆಗೆ ಕಣ್ಣೊರೆಸಿಕೊಂಡು ಕ್ಯಾನು ಇಸಿದುಕೊಂಡಳು, ಮುಚ್ಚಳ ತೆರೆದು ನೋಡಿದಳು.

“ಒಂದ್ ಕಾಳೂ ಚೆಲ್ಲಿಲ್ರಿ” ಎಂದಳು. ಆಮೇಲೆ ನನಗೂ ಕೈ ಕೊಟ್ಟು ಎಬ್ಬಿಸಿದಳು.

ಬದುವಿನ ಮೇಲೆ ನನ್ನನ್ನು ಕೂರಿಸಿ ಬೂಟು ಕಳಚಿದಳು. ಬೊಬ್ಬೆ ನೋಡಿ ಹಲ್ಲು ಕಚ್ಚಿದ್ದು ಅವಳೇ. ಚೀಲದಿಂದ ಹತ್ತಿ ತೆಗೆದು, ಒರೆಸಿ, ಪಟ್ಟಿ ಕಟ್ಟಿದಳು. ಕಟ್ಟುತ್ತ ಕೇಳಿದಳು, “ಇನ್ನೇನೇನ ಸುಳ್ಳ ಹೇಳೀರಿ? ಇಲ್ಲೇ ಹೇಳಿಬಿಡ್ರಿ.”

ನಾನು ನೆನಪಿಸಿಕೊಂಡು ಹೇಳಿದೆ. ಹಾಗಲಕಾಯಿ ಪಲ್ಯ ಇಷ್ಟವೆಂದದ್ದು ಸುಳ್ಳು, ಅವಳು ಬಡಿಸಿದ್ದನ್ನು ನಾಲ್ಕು ಸಲ ಕಣ್ಣು ಮುಚ್ಚಿ ನುಂಗಿದ್ದೆ. ಮದುವೆಯ ಫೋಟೋದಲ್ಲಿ ಅವಳ ಕಣ್ಣು ಮುಚ್ಚಿರುವುದು ಗೊತ್ತೇ ಆಗುವುದಿಲ್ಲ ಎಂದದ್ದು ಸುಳ್ಳು. ಅವಳು ಹಲ್ಲುಜ್ಜುವಾಗ ಮಾಡುವ ಸದ್ದು ನನಗೆ ಕೇಳಿಸುವುದಿಲ್ಲ ಎಂದದ್ದೂ ಸುಳ್ಳು.

“ಮುಗೀತೇನ್ರಿ?”

“ಮುಗೀತು. ನಿಂದು?”

“ನಂದೇನೂ ಇಲ್ಲ” ಎಂದು ಪಟ್ಟಿಯ ಗಂಟು ಬಿಗಿದಳು. ನನಗೆ ಹೇಳಿದ ಸುಳ್ಳಂತೂ ಇವತ್ತಿನವರೆಗೂ ಒಂದೂ ಹೊರಬಿದ್ದಿಲ್ಲ. ಅವಳು ಇಂದಿಗೂ ಅದೇ ಕೆಲಸದಲ್ಲಿದ್ದಾಳೆ, ಮನೆ ಮುಟ್ಟುವುದು ಎಂಟಕ್ಕೋ ಒಂಬತ್ತಕ್ಕೋ. ಯಾಕೆ ತಡವಾಯಿತೆಂದು ನಾನು ಕೇಳುವುದಿಲ್ಲ. ಅನ್ನಕ್ಕಿಟ್ಟು, ಸಾರು ಬಿಸಿ ಮಾಡಿ ಇಟ್ಟಿರುತ್ತೇನೆ.

ಒದ್ದೆ ಬೂಟನ್ನು ದಾರದಿಂದ ಕೂಡಿಸಿ ಕುತ್ತಿಗೆಗೆ ಹಾಕಿಕೊಂಡೆ. ಮುಂದಿನ ಹೊಲದಲ್ಲಿ ಹಬ್ಬ ಮುಗಿಸಿ ಬಂಡಿ ಹೂಡುತ್ತಿದ್ದ ಗೃಹಸ್ಥರೊಬ್ಬರು ಪಟ್ಟಿ ಕಟ್ಟಿದ ಕಾಲು ನೋಡಿ ಬಂಡಿ ಹತ್ತಿರೆಂದು ಒತ್ತಾಯ ಮಾಡಿದರು. ನಾನು ಬೇಡವೆಂದೆ. “ಯಾಕ್ರಿ, ಹರಕಿ ಅದ ಏನು?” ಎಂದು ಕೇಳಿದರು. ಹೌದು ಎಂದರೆ ಮತ್ತೊಂದು ಸುಳ್ಳಾಗುತ್ತಿತ್ತು. “ಇಲ್ರಿ, ಹೆಂಡ್ತಿ ಮುಂದ ಮರ್ಯಾದಿ ಉಳಿಸ್ಕೋಬೇಕು” ಎಂದೆ. ಅವರ ಹೆಂಡತಿ ಬಂಡಿಯ ಮೇಲಿಂದಲೇ ಬಿದ್ದು ಬಿದ್ದು ನಕ್ಕು, ಗಂಡನ ಹಳೆಯ ಮೆಟ್ಟು ಒಂದು ಜೊತೆ ಕೆಳಗೆ ಎಸೆದಳು. ಹಿಂದಿನ ಪಟ್ಟಿ ಇಲ್ಲದ, ಹಿಮ್ಮಡಿ ತಾಗದ ಮೆಟ್ಟು. ಉಳಿದ ಭಜ್ಜಿಯನ್ನೂ ಕ್ಯಾನಿಗೆ ಸುರಿದಳು. ಕ್ಯಾನು ಕಂಠದವರೆಗೆ ತುಂಬಿತು. ಅಲ್ಲಿಂದ ಮುಂದಕ್ಕೆ ಅದರ ಹಿಡಿಕೆಯ ಒಂದು ಬದಿ ನಾನು, ಒಂದು ಬದಿ ಅವಳು. ಅಷ್ಟು ಹತ್ತಿರ ನಡೆಯಬೇಕೆಂದರೆ ಹೆಜ್ಜೆ ಕೂಡಬೇಕಾಗುತ್ತದೆ. ಮೊದಲು ತೊಡರಿಕೊಂಡೆವು, ಆಮೇಲೆ ಕೂಡಿತು. ಅವಳು ಮತ್ತೆ ಹಾಡತೊಡಗಿದಳು. ಈ ಸಲ ಗಟ್ಟಿಯಾಗಿ.

ಹೊತ್ತು ಮುಳುಗುವಾಗ ದಿಬ್ಬದ ಮೇಲೆ ಹಾಸ್ಟೆಲ್ ಕಾಣಿಸಿತು. ಕೆಂಪು ಕಲ್ಲಿನ ಗೋಡೆ, ತಗಡಿನ ಮಾಡು, ಮುಂದೆ ಒಂದು ಬಾವಿ, ಹುಣಸೆ ಮರ. ಬಾಗಿಲಲ್ಲಿ ಒಂಬತ್ತು ಹುಡುಗಿಯರು ಸಾಲಾಗಿ ಕೂತಿದ್ದರು. ನಮ್ಮನ್ನು ಕಂಡದ್ದೇ ಎದ್ದು ಕೂಗುತ್ತ ಓಡಿ ಬಂದರು. ಕ್ಯಾನು ನಮ್ಮ ಕೈಯಿಂದ ಹೇಗೆ ಹೋಯಿತೋ ತಿಳಿಯಲಿಲ್ಲ. ನಾನು ಎದುರಿಗಿದ್ದ ಬಾವಿಕಟ್ಟೆಯ ಮೇಲೆ ಕುಸಿದೆ.

ಒಳಗಿಂದ ಕೋಲು ಊರುತ್ತ ಶೇವಂತಾ ಮೌಸಿ ಬಂದಳು. ಸಣ್ಣ ಆಳು, ಕಚ್ಚೆ ಸೀರೆ, ಕೈತುಂಬ ಹಸಿರು ಬಳೆ. ವಿಶಾಖಾಳ ಕೆನ್ನೆ ಸವರಿ, ನನ್ನ ಮುಂದೆ ಬಂದು ನಿಂತು ಕೆಸರು ಮೆತ್ತಿದ ಪ್ಯಾಂಟು, ಕಾಲಿನ ಪಟ್ಟಿ, ಕುತ್ತಿಗೆಯ ಬೂಟು ಎಲ್ಲವನ್ನೂ ನೋಡಿದಳು.

“ಅಳಿಯಾನ್ನ ಹ್ಯಾಂಗ ತಂದಿ ಪೋರಿ, ಎಳಕೊಂಡು ಬಂದೀ ಏನು?”

“ನಡ್ಕೋತ ಬಂದಾರ ಮೌಸಿ” ಎಂದಳು ವಿಶಾಖಾ. “ಪೂರಾ ದಾರಿ.”

ಒಲೆಯ ಮೇಲೆ ಕಾಯುತ್ತಿದ್ದ ನೀರನ್ನು ಮೌಸಿ ದೊಡ್ಡ ಬೋಗುಣಿಗೆ ಹೊಯ್ದು, ಉಪ್ಪು ಹಾಕಿ, ನನ್ನ ಕಾಲು ಅದರಲ್ಲಿ ಇಡಿಸಿದಳು. ಹುಡುಗಿಯರು ಸುತ್ತ ಕೂತು ನೋಡಿದರು. ಆಮೇಲೆ ಸಾಲಾಗಿ ಕೂತು ಊಟ. ಏಳು ಹೊಲದ ಭಜ್ಜಿ ಒಂದರೊಳಗೊಂದು ಬೆರೆತು ಯಾವ ಹೊಲದಲ್ಲೂ ಇಲ್ಲದ ರುಚಿ ಬಂದಿತ್ತು. ಬೆಳಗಿನಿಂದ ತಿಂದು ತಿಂದು ಸಾಕಾಗಿದ್ದ ನಾನು ಮತ್ತೆ ಮೂರು ರೊಟ್ಟಿ ತಿಂದೆ. ಬಾಳವ್ವ ಎಂಬ ಸಣ್ಣ ಹುಡುಗಿಯೊಬ್ಬಳು ತಟ್ಟೆಯನ್ನು ಬೆರಳಿನಿಂದ ಸವರಿ ಸವರಿ ನೆಕ್ಕಿ, “ನಮ್ಮ ಹೊಲದಂಥಾ ಭಜ್ಜಿ” ಎಂದಳು. ಅವಳಿಗೆ ಹೊಲವಿರಲಿಲ್ಲ. ಯಾರೂ ಅವಳನ್ನು ತಿದ್ದಲಿಲ್ಲ. ಮೌಸಿ ಇನ್ನೊಂದು ಸೌಟು ಹಾಕಿದಳು.

ಹೆಣ್ಣುಮಕ್ಕಳ ಹಾಸ್ಟೆಲ್ಲು, ಗಂಡಸಿಗೆ ಒಳಗೆ ಜಾಗವಿಲ್ಲ. ಮೌಸಿ ನನಗೆ ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ ಜೋಳದ ಚೀಲಗಳ ಮೇಲೆ ಕೌದಿ ಹಾಸಿಕೊಟ್ಟಳು. ವಿಶಾಖಾ ಹುಡುಗಿಯರ ಜೊತೆ ಪಡಸಾಲೆಯಲ್ಲಿ. ನಡುವೆ ಒಂದು ತಗಡಿನ ಮರೆ ಅಷ್ಟೆ, ಆ ಕಡೆ ಚಾಪೆ ಬಿಡಿಸುವುದೂ ಕೇಳಿಸುತ್ತಿತ್ತು. ಎಂಟೂ ಆಗಿರಲಿಲ್ಲ, ಹುಡುಗಿಯರಿಗೆ ನಿದ್ದೆಯ ಸುಳಿವಿಲ್ಲ. ದಾರಿಯ ಕತೆ ಹೇಳೆಂದು ವಿಶಾಖಾಳಿಗೆ ಗಂಟು ಬಿದ್ದರು. ಅವಳು ಮುದುಕಿಯ ಕತೆ ಹೇಳಿದಳು, ಬೆಳ್ಳಕ್ಕಿಯ ಸಾಲಿನ ಕತೆ ಹೇಳಿದಳು. ಮಾಣಿಕಪ್ಪನ ಹೊಲದ ಹೋಳಿಗೆಯನ್ನು ಹೊಗಳಿದಳು. ಅಲ್ಲಿ ಕೇಳಿದ ಮಾತನ್ನು ಬಿಟ್ಟುಬಿಟ್ಟಳು.

“ಅಕ್ಕಾ, ಸರ್ ದಣಿಲಿಲ್ಲೇನ್ರಿ?” ಎಂದು ಬಾಳವ್ವ ಕೇಳಿದಳು.

“ದಣಿಯೂದಾ?” ಎಂದಳು ವಿಶಾಖಾ. “ಭಾತಂಬ್ರಾ ಬಿಟ್ಟವರು ಇಲ್ಲಿ ತನಕ ಒಂದ್ ಸಲಾನೂ ಕೂಡಲಿಲ್ಲ. ನಾನೇ ‘ಜರಾ ನಿಂದರ್ರಿ, ಜರಾ ನಿಂದರ್ರಿ’ ಅನ್ಕೋತ ಹಿಂದಿಂದ ಓಡಿ ಬಂದೆ.”

ಜೋಳದ ಚೀಲದ ಮೇಲೆ ನಾನು ಎದ್ದು ಕೂತೆ. ನಂದೇನೂ ಇಲ್ಲ ಎಂದಿದ್ದವಳು! ತಡೆಯಲಾಗಲಿಲ್ಲ, ತಗಡಿಗೆ ಬಾಯಿ ಹಚ್ಚಿ ಕೂಗಿದೆ.

“ಹನ್ನೊಂದ್ ಸಲ ಕೂತೇನಿ!”

ಅಡುಗೆಮನೆಯ ಬಾಗಿಲಿಂದ ಮೌಸಿಯ ದನಿ ಬಂತು.

“ಹನ್ನೆರಡ. ಬಂದ ಕೂಡ್ಲೇ ಬಾವಿಕಟ್ಟಿ ಮ್ಯಾಲ ಕೂತದ್ದು ಯಾರ ಲೆಕ್ಕಕ್ಕ?”

ಒಂಬತ್ತು ಹುಡುಗಿಯರ ನಗೆಗೆ ತಗಡು ಗಡಗಡ ನಡುಗಿತು. ಅದರ ನಡುವೆ ವಿಶಾಖಾಳ ನಗೆ ನನಗೆ ಬೇರೆಯಾಗಿ ಕೇಳಿಸಿತು, ಕಾಲುವೆಯ ಬದುವಿನ ಮೇಲೆ ಕೇಳಿದ್ದೇ ನಗೆ.